ನಮ್ಮದೇ ಜಾಗ, ನಮಗೇ 100 ಪೌಂಡ್ ನೋಟಿಸ್

ನಾವಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ, ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಗೆ ಕೊಂಡ) ಫ್ಲ್ಯಾಟಿನಲ್ಲಿ. ಒಂದು ದಿನ ನಮ್ಮ ಪಾರ್ಕಿಂಗ್ ಜಾಗದಲ್ಲೇ ಕಾರು ನಿಲ್ಲಿಸಿದ್ದಾಗ ಪಾರ್ಕಿಂಗ್ ಪರ್ಮಿಟ್ ಚೀಟಿ ಡ್ಯಾಶ್‌ಬೋರ್ಡಿನಿಂದ ಜಾರಿ ಬಿದ್ದಿತ್ತು. ಅಷ್ಟಕ್ಕೇ ಖಾಸಗಿ ಪಾರ್ಕಿಂಗ್ ಕಂಪನಿಯಿಂದ 100 ಪೌಂಡ್ ನೋಟಿಸ್ ಬಂತು. 14 ದಿನದೊಳಗೆ ಕಟ್ಟಿದರೆ 60. ತುಂಬಾ ಸಿಟ್ಟು ಬಂತು.

ಇದು ಕೌನ್ಸಿಲ್ (ಸ್ಥಳೀಯ ಆಡಳಿತ) ಹಾಕುವ ದಂಡ ಅಲ್ಲ. ಕರಾರು ಮುರಿದಿರಿ ಎಂದು ಕಂಪನಿ ಕೇಳುವ ಹಣ. ಹಾಗಿದ್ದರೆ ಮೊದಲು ನೋಡಬೇಕಾದ್ದು ನಮ್ಮ ಕರಾರು, ಅಲ್ವಾ? ಲೀಸ್ ಪತ್ರವನ್ನು ಸಾಲು ಸಾಲಾಗಿ ಓದಿದೆ. (ಪ್ರತಿ ಇಲ್ಲದವರು ಆಸ್ತಿ ದಾಖಲೆ ಇಡುವ ಸರ್ಕಾರಿ ಕಚೇರಿಯಾದ ಲ್ಯಾಂಡ್ ರಿಜಿಸ್ಟ್ರಿಯಿಂದ ತರಿಸಿಕೊಳ್ಳಬಹುದು.) ಜಾಗದ ನಂಬರು ಹಾಕಿ, ಬಳಸುವ ಹಕ್ಕು ನಮ್ಮದು ಎಂದು ಬರೆದಿತ್ತು. ಪರ್ಮಿಟ್ ಮಾತೇ ಇರಲಿಲ್ಲ. ಮುಂದೆ ಹೊಸ ನಿಯಮ ಮಾಡಬಹುದು ಎಂಬ ಷರತ್ತು ಕೆಲವು ಲೀಸ್‌ಗಳಲ್ಲಿ ಇರುತ್ತದೆ. ಅದನ್ನೂ ಹುಡುಕಿದೆ, ನಮ್ಮದರಲ್ಲಿ ಇರಲಿಲ್ಲ.

28 ದಿನದೊಳಗೆ ಕಂಪನಿಗೆ ಆಕ್ಷೇಪಣೆ ಬರೆದೆ. ಒಪ್ಪಲಿಲ್ಲ. ಆದರೆ ಪಾಪ್ಲಾಗೆ (POPLA, ಖಾಸಗಿ ಪಾರ್ಕಿಂಗ್ ನೋಟಿಸ್‌ಗಳ ಮೇಲ್ಮನವಿ ಕೇಳುವ ಸ್ವತಂತ್ರ ಸಂಸ್ಥೆ) ಮೇಲ್ಮನವಿ ಹಾಕಲು ಕೋಡ್ ಕೊಟ್ಟರು. ಅದು ಉಚಿತ. ಲೀಸಿನ ಆ ಪುಟಗಳು, ಜಾಗದ ಫೋಟೋ ಹಾಕಿದೆ. ಲೀಸ್ ಕೊಟ್ಟ ಹಕ್ಕನ್ನು ಆಮೇಲೆ ಬೋರ್ಡ್ ನೆಟ್ಟು ಕಿತ್ತುಕೊಳ್ಳಲಾಗದು ಎಂದು ಆಕ್ಸ್‌ಫರ್ಡ್ ಕೌಂಟಿ ಕೋರ್ಟ್ 2016ರಲ್ಲಿ ಹೇಳಿದ್ದನ್ನೂ ಸೇರಿಸಿದೆ. ಕಂಪನಿಯೇ ನೋಟಿಸ್ ವಾಪಸ್ ತೆಗೆದುಕೊಂಡಿತು.

ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟ್‌ಗೂ ಬರೆದೆ. ನಮ್ಮ ಕಾರಿನ ನಂಬರು ಈಗ ವಿನಾಯಿತಿ ಪಟ್ಟಿಯಲ್ಲಿದೆ.