ಅಲೆ ಯಾರದ್ದೂ ಅಲ್ಲ, ದಾರಿ ಯಾರದ್ದು?

ಊರಿಗೆ ಪ್ರವಾಸಿಗರು ಬರಲು ಶುರುವಾದರೆ ನಮ್ಮ ಕಡೆ ಮೊದಲು ಏಳುವ ಪ್ರಶ್ನೆ, ಜಾಗ ಯಾರದ್ದು ಅಂತ. ಪಹಣಿ ತೆಗೆಸುತ್ತಾರೆ, ಸರ್ವೆ ನಂಬರ್ ಹುಡುಕುತ್ತಾರೆ. ಅರಣ್ಯದವರು ನಮ್ಮದು ಅನ್ನುತ್ತಾರೆ, ಪಂಚಾಯಿತಿಯವರೂ ಬಿಡುವುದಿಲ್ಲ. ನಾನು ಆ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟೇ ಕೆಲಸ ಶುರು ಮಾಡಿದೆ. ಅಲ್ಲಿಗೆ ಹೋಗುವ ದಾರಿ ಯಾರ ಕೈಲಿದೆ ಅನ್ನುವುದನ್ನು ಮೊದಲು ನೋಡಿದೆ. ಕರಾವಳಿಯಲ್ಲಿ ಕೆಲಸ ಮಾಡುವಾಗ ಹತ್ತಿದ ಬುದ್ಧಿ ಇದು.

ನಮ್ಮನೆ ಹೊಸನಗರ ತಾಲ್ಲೂಕಿನಲ್ಲಿ. ಒಂದಿಷ್ಟು ಅಡಿಕೆ ತೋಟ, ಒಂದು ಸಣ್ಣ ಹೋಮ್‌ಸ್ಟೇ. ಅದಕ್ಕೂ ಮೊದಲು ಮೂಲ್ಕಿ ಕಡೆ ಸರ್ಫಿಂಗ್, ಅಂದರೆ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು, ಕಲಿಸುವವರ ಜೊತೆ ಕೆಲವು ವರ್ಷ ದುಡಿದಿದ್ದೆ. ಘಟ್ಟದ ಮೇಲಿನವನಿಗೆ ಕಡಲಲ್ಲೇನು ಕೆಲಸ ಅಂತ ಊರಲ್ಲಿ ನಗುತ್ತಿದ್ದರು. ಹಲಗೆ ಒರೆಸುವುದು, ಬಂದವರ ಹೆಸರು ಬರೆದುಕೊಳ್ಳುವುದು, ಸೆಳೆತ ಜಾಸ್ತಿ ಇದ್ದ ದಿನ ಯಾರೂ ನೀರಿಗೆ ಇಳಿಯದ ಹಾಗೆ ಕಾಯುವುದು, ಇಷ್ಟೇ ಆಗ ನನ್ನ ಕೆಲಸ.

ಅಲೆಯ ವಿಷಯ ವಿಚಿತ್ರ. ಅದಕ್ಕೆ ಸರ್ವೆ ನಂಬರ್ ಇಲ್ಲ, ಬೇಲಿ ಹಾಕೋಕೆ ಬರೋದಿಲ್ಲ. ಆದರೂ ಅಲ್ಲಿ ಕಾನೂನಿದೆ. ಅಲೆ ಮುರಿಯುವ ಜಾಗಕ್ಕೆ ಹತ್ತಿರ ಇರುವವನಿಗೆ ಆ ಅಲೆ. ಪಕ್ಕದವನು ನಡುವೆ ನುಗ್ಗಿದರೆ ಬೈಗುಳ ಗ್ಯಾರಂಟಿ. ಇದನ್ನು ಯಾವ ಇಲಾಖೆಯೂ ಬರೆದಿಟ್ಟಿಲ್ಲ, ಆದರೆ ಪ್ರಪಂಚದ ಯಾವ ತೀರಕ್ಕೆ ಹೋದರೂ ಇದೇ ಪದ್ಧತಿ. ನೀರಿನ ಮೇಲೆ ಇಷ್ಟು ಸಲೀಸು. ತಕರಾರೆಲ್ಲ ದಡದಲ್ಲಿ. ಗಾಡಿ ಎಲ್ಲಿ ನಿಲ್ಲಿಸಬೇಕು, ಹಲಗೆ ಬಾಡಿಗೆಗೆ ಕೊಡುವ ಗುಡಿಸಲು ಯಾರು ಹಾಕಬೇಕು, ಮೀನುಗಾರರು ದೋಣಿ ಎಳೆಯುವ ಜಾಗಕ್ಕೆ ಪ್ರವಾಸಿಗರು ಬಂದರೆ ಯಾರು ಹೇಳಬೇಕು? ತೀರಕ್ಕೆ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ನಿಯಮ ಬೇರೆ, ಪಂಚಾಯಿತಿ ಬೇರೆ, ಪ್ರವಾಸೋದ್ಯಮದವರು ಬೇರೆ. ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ಎರಡೂ ಹೊಳೆ ಕಡಲು ಸೇರುತ್ತವೆ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ತೀರ ಅದು. ಅಲ್ಲಿ ಕಡಲು ಕೊರೆದು ಕೊರೆದು ದಂಡೆಯೇ ಜಾಗ ಬದಲಿಸುತ್ತದೆ. ದಡವೇ ನಿಲ್ಲದ ಕಡೆ ಗಡಿ ಕಲ್ಲು ನೆಟ್ಟು ಏನು ಮಾಡೋಣ, ಅಲ್ವಾ?

ಆಗ ಅಲ್ಲಿಗೆ ಬರುತ್ತಿದ್ದ ಹೊರದೇಶದವರ ಬಾಯಲ್ಲಿ ಫಿಜಿಯ ಕಥೆ ಕೇಳಿದ್ದೆ. ಆಮೇಲೆ ನಾನೇ ಓದಿಕೊಂಡೆ. ಅಲ್ಲಿ ತವರುವಾ ಅಂತ ಒಂದು ಪುಟ್ಟ ದ್ವೀಪ, ಅದರಲ್ಲೊಂದು ರೆಸಾರ್ಟ್. ಹತ್ತಿರದಲ್ಲೇ ಕ್ಲೌಡ್‌ಬ್ರೇಕ್ ಅನ್ನುವ ಪ್ರಸಿದ್ಧ ಅಲೆ. ಆ ಹವಳದ ದಿಬ್ಬದ ಮೇಲೆ ಮೀನು ಹಿಡಿಯುವ ಹಕ್ಕು ಅಲ್ಲಿನ ಹಳ್ಳಿಯವರದ್ದು, ತಲತಲಾಂತರದ್ದು. ರೆಸಾರ್ಟಿನವರು ಅವರ ಜೊತೆ ಒಪ್ಪಂದ ಮಾಡಿಕೊಂಡು, ಅಲೆ ತಮ್ಮ ಅತಿಥಿಗಳಿಗೆ ಮಾತ್ರ ಅಂತ ಮಾಡಿಕೊಂಡಿದ್ದರು. 2010ರಲ್ಲಿ ಅಲ್ಲಿನ ಸರ್ಕಾರ ಒಂದು ಸುಗ್ರೀವಾಜ್ಞೆ ತಂದು ಆ ಏಕಸ್ವಾಮ್ಯ ತೆಗೆದುಹಾಕಿತು. ದೋಣಿ ಇದ್ದವರೆಲ್ಲ ಹೋಗಬಹುದು ಅಂತಾಯಿತು. ಕೇಳೋಕೆ ಚೆನ್ನಾಗಿದೆ. ಆದರೆ ನನಗೆ ಕಾಡಿದ್ದು ಆ ಹಳ್ಳಿ. ಮೊದಲು ಮಾತಾಡಲು ಎದುರಿಗೆ ಒಬ್ಬ ಕೂರುತ್ತಿದ್ದ. ಎಲ್ಲರಿಗೂ ಬಾಗಿಲು ತೆರೆದ ಮೇಲೆ ಯಾರ ಹತ್ತಿರ ಮಾತಾಡಬೇಕು?

ಇಂಡೋನೇಷ್ಯಾದ ಮೆಂಟವಾಯಿ ದ್ವೀಪಗಳದ್ದು ಇನ್ನೊಂದು ಬಗೆ. ಸರ್ಫಿಂಗಿಗೆ ಬಂದವರಿಗೆ ಸುಮಾತ್ರಾದ ಪಡಾಂಗ್ ಬಂದರಿನಿಂದ ಹೊರಡುವ ದೋಣಿಗಳಲ್ಲೇ ಊಟ, ಅಲ್ಲೇ ನಿದ್ದೆ. ಅಲೆ ಮೆಂಟವಾಯಿಯದ್ದು, ಆ ದೋಣಿಗಳ ದುಡ್ಡು ಹೆಚ್ಚಾಗಿ ಪಡಾಂಗಿನದ್ದು. ಪಪುವಾ ನ್ಯೂಗಿನಿಯವರು ಈ ವಿಷಯದಲ್ಲಿ ಮೊದಲೇ ಎಚ್ಚರ ಆದರು. ಅಲ್ಲಿನ ಸರ್ಫಿಂಗ್ ಸಂಘ ಒಂದು ತಾಣಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿ, ದಿನದ ಶುಲ್ಕದಲ್ಲಿ ಊರಿನ ಪಾಲು ಊರಿಗೇ ಸೇರುವ ಹಾಗೆ ಏರ್ಪಾಡು ಮಾಡಿತು. ಊರಿಗೆ ವಾಪಸ್ ಬಂದ ಮೇಲೆ ನನ್ನ ತಲೆಯಲ್ಲಿ ಉಳಿದ ಮಾದರಿ ಅದೊಂದೇ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಳ್ಳದ ಜಲಪಾತ ಜೋಗದ ಹಾಗೆ ದೊಡ್ಡದೇನಲ್ಲ. ಊರ ಹೆಸರು ಬೇಡ, ಈಗಿರುವ ಗಾಡಿಗಳೇ ಸಾಕು. ಬೇಸಿಗೆಯಲ್ಲಿ ಬಂಡೆ ಮೇಲೆ ಬಟ್ಟೆ ಒಣಗಿಸಬಹುದು. ಜೂನ್ ಬಂದರೆ ಮಾತ್ರ ಸದ್ದು ಮನೆತನಕ ಕೇಳುತ್ತದೆ. ಯಾರೋ ಮೊಬೈಲಿನಲ್ಲಿ ವಿಡಿಯೊ ಹಾಕಿದರು, ಮುಗೀತು. ಆ ವರ್ಷದ ಮಳೆಗಾಲದ ಭಾನುವಾರಗಳಲ್ಲಿ ಬೈಕುಗಳು ಗದ್ದೆಯ ಅಂಚಿನ ತನಕ ಬಂದವು. ಬಾಟಲಿಗಳು ತೋಟದ ಕಪ್ಪಿನಲ್ಲಿ, ಅಂದರೆ ನೀರು ಹರಿದುಹೋಗುವ ಕಾಲುವೆಯಲ್ಲಿ, ಸಿಕ್ಕಿಕೊಂಡು ನೀರು ಕಟ್ಟಿತು.

ಜಲಪಾತ ಮೀಸಲು ಅರಣ್ಯದ ಒಳಗಿದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಲ್ಲಿಗೆ ಯಾರನ್ನು ಬಿಡಬೇಕು ಅನ್ನುವುದು ಇಲಾಖೆಗೆ ಬಿಟ್ಟದ್ದು. ಆದರೆ ಕಾಡು ಸಿಗುವ ಮೊದಲು ದಾರಿ ಒಬ್ಬರ ಕಣ ದಾಟಬೇಕು, ಇನ್ನೊಬ್ಬರ ತೋಟದ ಅಂಚಲ್ಲಿ ನಡೆಯಬೇಕು, ಆಮೇಲೆ ಹಳ್ಳದ ಮೇಲಿನ ಸಂಕ, ಅಂದರೆ ಮರದ ಕಾಲುಸೇತುವೆ, ಆಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ನಾನು ಒಂದು ಹಾಳೆಯಲ್ಲಿ ಈ ದಾರಿಯ ಚಿತ್ರ ಬರೆದೆ. ಪ್ರತಿ ತಿರುವಿಗೂ ಅಲ್ಲಿ ಯಾರ ಮಾತು ನಡೆಯುತ್ತದೆ ಅಂತ ಪಕ್ಕದಲ್ಲಿ ಬರೆದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಖರ್ಚಿಲ್ಲ, ಒಂದು ಮಧ್ಯಾಹ್ನ ಸಾಕು. ನನ್ನ ಪ್ರಕಾರ ಸಭೆ ಕರೆಯುವ ಮೊದಲು ಮಾಡಲೇಬೇಕಾದ ಕೆಲಸ ಇದು.

ಚಿತ್ರ ನೋಡಿದ ಮೇಲೆ ಒಂದು ಸಂಗತಿ ಕಂಡಿತು. ಸಂಕದ ಪಕ್ಕ ಬರೆಯಲು ಯಾರ ಹೆಸರೂ ಇರಲಿಲ್ಲ. ಪ್ರತಿ ವರ್ಷ ಮಳೆಗೆ ಮೊದಲು ಅಡಿಕೆ ಮರ ಕಡಿದು, ಬಳ್ಳಿ ಬಿಗಿದು ಆ ಸಂಕ ಹಾಕುವವರು ಆಚೆ ದಡದ ಕೂಲಿ ಮನೆಗಳವರು. ಅವರಿಗೆ ತೋಟ ಇಲ್ಲ, ಆದ್ದರಿಂದ ಯಾವ ಸಭೆಗೂ ಅವರನ್ನು ಕರೆದ ರೂಢಿ ಇಲ್ಲ. ಜಲಪಾತದ ಗುಂಡಿಯಲ್ಲಿ ಮೀನು, ಏಡಿ ಹಿಡಿಯುತ್ತಿದ್ದವರೂ ಅವರೇ. ಪ್ರವಾಸಿಗರ ಗಲಾಟೆಗೆ ಅದು ನಿಂತಿತ್ತು.

ಮೊದಲ ಸಭೆ ದೇವಸ್ಥಾನದ ಹೆಬ್ಬಾಗಿಲಲ್ಲಿ ಅಂತ ಮಾತಾಗಿತ್ತು. ನಾನು ಶಾಲೆಯ ಜಗಲಿಯಲ್ಲಿ ಇಡೋಣ ಅಂದೆ. ಕಾರಣ ಹೇಳಲಿಲ್ಲ. ಹೇಳಿದ್ದರೆ ಚರ್ಚೆ ಅಲ್ಲೇ ಮುಗಿಯುತ್ತಿತ್ತು. ಕಣದ ಯಜಮಾನರು ಬಂದು ಕೂತವರೇ ಶುರು ಮಾಡಿದರು. "ಜಲಪಾತ ಸರ್ಕಾರದ್ದು, ಒಪ್ಪಿದೆ. ಗಾಡಿ ನಿಲ್ಲೋದು ನಮ್ಮ ಕಣದಲ್ಲಿ. ದುಡ್ಡು ನಮಗೆ ಬರಬೇಕು, ಇದರಲ್ಲಿ ಮಾತೇನಿದೆ?"

ಆಚೆ ದಡದ ಅಜ್ಜ ಬಾಗಿಲ ಹತ್ತಿರವೇ ಕೂತಿದ್ದರು. "ಅಲ್ಲ ಒಡೆಯ, ಈ ಸಲ ನಾವು ಸಂಕ ಹಾಕದಿದ್ರೆ ಅವರು ನಿಮ್ಮ ಕಣದಲ್ಲೇ ಕೂತು ಏನ್ ನೋಡ್ತಾರೆ?" ಅಂದರು. ಒಂದಿಬ್ಬರು ನಕ್ಕರು. ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಲೆಕ್ಕದಲ್ಲಿ ಸಂಕಕ್ಕೂ ಪಾಲು ಅನ್ನುವುದು ಆ ಮಾತಿಂದಲೇ ನಿಂತಿತು. ನಾನು ಹಾಳೆಗಟ್ಟಲೆ ಬರೆದುಕೊಂಡು ಹೋಗಿದ್ದು ತೆಗೆಯಬೇಕಾಗಿಯೇ ಬರಲಿಲ್ಲ.

ಏರ್ಪಾಡು ಮಾಡಿಕೊಂಡದ್ದು ಗ್ರಾಮ ಅರಣ್ಯ ಸಮಿತಿಯ ಮೂಲಕ. ನಮ್ಮ ರಾಜ್ಯದಲ್ಲಿ ಜಂಟಿ ಅರಣ್ಯ ಯೋಜನೆ 1993ರಿಂದ ಇದೆ. ಎಷ್ಟೋ ಊರುಗಳಲ್ಲಿ ಸಮಿತಿ ಕಡತದಲ್ಲಿ ಮಾತ್ರ ಬದುಕಿರುತ್ತದೆ. ನಮ್ಮದೂ ಹಾಗೇ ಮಲಗಿತ್ತು, ಎಬ್ಬಿಸಿದೆವು. ಹೊಸ ಸಂಘ ಕಟ್ಟುವುದಕ್ಕಿಂತ ಇದು ಒಳ್ಳೆಯದು. ಅರಣ್ಯದವರು ಇದರಲ್ಲಿ ಮೊದಲೇ ಒಳಗಿರುತ್ತಾರೆ, ನಾಳೆ ಬಂದು ನೀವ್ಯಾರು ಕೇಳೋಕೆ ಅನ್ನುವ ಹಾಗಿಲ್ಲ. ನಾನು ಅಧ್ಯಕ್ಷ ಆಗಬೇಕು ಅಂತ ಒತ್ತಾಯ ಬಂತು. ಆಗಲ್ಲ ಅಂದೆ. ಹೋಮ್‌ಸ್ಟೇ ಇಟ್ಟುಕೊಂಡವನ ಕೈಗೆ ಗೇಟಿನ ಕೀಲಿಯನ್ನೂ ಕೊಟ್ಟರೆ ತವರುವಾದ ಕಥೆಯೇ ಇಲ್ಲೂ ಆಗುತ್ತದೆ.

ರಸೀದಿಯಲ್ಲಿ ಏನು ಬರೆಯಬೇಕು ಅನ್ನುವುದಕ್ಕೆ ಹೊತ್ತು ಹಿಡಿಯಿತು. 'ಪ್ರವೇಶ ಶುಲ್ಕ' ಅಂತ ಬರೆಯುವ ಅಧಿಕಾರ ನಮಗಿಲ್ಲ, ಕಾಡು ನಮ್ಮದಲ್ಲ. ಕಣ ಖಾಸಗಿ ಜಾಗ, ಹಾಗಾಗಿ 'ವಾಹನ ನಿಲುಗಡೆ'. ಕಾರಿಗೆ 50 ರೂಪಾಯಿ, ಬೈಕಿಗೆ 20. ಪ್ರವಾಸಿಗರ ಜೊತೆಗೆ ಜಲಪಾತದ ತನಕ ಬರುವ ಊರಿನ ಹುಡುಗನಿಗೆ ಬೇರೆ ಕೂಲಿ, ಅದು ನೇರ ಅವನ ಕೈಗೆ. ನಿಲುಗಡೆ ದುಡ್ಡಿನಲ್ಲಿ ಕಣದ ಬಾಡಿಗೆ, ಸಂಕದ ಪಾಲು, ಕಸ ಎತ್ತುವವರ ಸಂಬಳ ಹೋಗಿ ಉಳಿದದ್ದು ಸಮಿತಿ ಖಾತೆಗೆ.

ಕಸದ ಮಾತು ಬಂದಾಗ ಸಭೆಯಲ್ಲಿ ಎಲ್ಲರೂ ಒಂದೇ ಕಡೆ ನೋಡಿದರು. ಸ್ತ್ರೀಶಕ್ತಿ ಸಂಘದವರು ಮಾಡ್ತಾರೆ ಬಿಡಿ, ಸೇವೆ ಅಂತ. ಸಂಘದ ಅಕ್ಕ ಒಬ್ಬರು ಎದ್ದು, "ಮಾಡ್ತೀವಿ. ಸಂಬಳ ಬೇಕು. ರಸೀದಿ ಪುಸ್ತಕವೂ ನಮ್ಮ ಹತ್ತಿರವೇ ಇರಬೇಕು" ಅಂದರು. ಈ ಎರಡನೆಯ ಮಾತಿಗೇ ನಿಜವಾದ ಜಗಳ ಆದದ್ದು. ಸಂಬಳಕ್ಕೆ ಯಾರೂ ಬೇಡ ಅನ್ನಲಿಲ್ಲ, ಪುಸ್ತಕ ಕೊಡೋಕೆ ಯಾರಿಗೂ ಮನಸ್ಸಿಲ್ಲ. ಎರಡು ಸಭೆ ಅದಕ್ಕೇ ಹೋಯಿತು. ಕೊನೆಗೆ ಪುಸ್ತಕ ಅವರ ಕೈಗೇ ಬಂತು. ಈಗ ತಿಂಗಳ ಮೊದಲ ಸೋಮವಾರ ಡೈರಿಗೆ ಹಾಲು ಹಾಕುವ ಹೊತ್ತಿಗೆ ಲೆಕ್ಕ ಓದುತ್ತಾರೆ. ಆ ಹೊತ್ತಿಗೆ ಅಲ್ಲಿ ಎಲ್ಲ ಮನೆಯವರೂ ಇರುತ್ತಾರೆ. ಪಂಚಾಯಿತಿ ವರ್ಷದ ಲೆಕ್ಕ ಊರವರ ಮುಂದಿಡುವ ಜಮಾಬಂದಿಗೂ ಇಷ್ಟು ಜನ ಸೇರುವುದಿಲ್ಲ.

ಎಷ್ಟು ಜನರನ್ನು ಬಿಡಬೇಕು? 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ರಾಜ್ಯದ ಚಾರಣ ದಾರಿಗಳಿಗೆ ಆನ್‌ಲೈನ್ ಟಿಕೆಟ್, ದಿನಕ್ಕೆ 300 ಜನರ ಮಿತಿ ಬಂತು. ನಮ್ಮಂಥ ಸಣ್ಣ ಹಳ್ಳಕ್ಕೆ ಆ ಅಂಕಿ ಹೊಂದುವುದಿಲ್ಲ. ನಾವು ತಲೆ ಎಣಿಸೋಕೆ ಹೋಗಲಿಲ್ಲ, ಗಾಡಿ ಎಣಿಸಿದೆವು. ಕಣದಲ್ಲಿ ಒತ್ತಾಗಿ 25 ಕಾರು ಹಿಡಿಯುತ್ತವೆ. ಅದು ತುಂಬಿದರೆ ಡಾಂಬರು ರಸ್ತೆ ತಿರುವಿನಲ್ಲೇ ಉಣುಗೋಲು, ಅಂದರೆ ಅಡ್ಡ ಗಳದ ಗೇಟು, ಹಾಕುತ್ತೇವೆ. ಒಂದು ಹೋದರೆ ಒಂದು ಒಳಗೆ. ವಾದ ಮಾಡುವವರಿಗೆ ಕಣ ತೋರಿಸಿದರೆ ಸಾಕು.

ಇನ್ನೊಂದು ನಿಯಮ ಪ್ರವಾಸಿಗರಿಗೆ ಕೇಳಿದರೇ ವಿಚಿತ್ರ ಅನಿಸುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ದಾರಿ ಬಂದ್. ಮಳೆ ಸ್ವಲ್ಪ ಬಿಡುವು ಕೊಟ್ಟಾಗಲೇ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕು, ಪ್ರವಾಸಿಗರು ಹೊರಡುವುದೂ ಅದೇ ಬಿಡುವಿನಲ್ಲಿ. ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವವನು, ಮರದ ತುದಿಯಲ್ಲಿ ಕೂತು ಅಡಿಕೆ ಗೊನೆಗೆ ಔಷಧಿ ಬಿಡುತ್ತಿರುತ್ತಾನೆ, ಕೆಳಗೆ ಬಣ್ಣಬಣ್ಣದ ರೇನ್‌ಕೋಟಿನವರು ಬಾಯಿ ತೆರೆದು ಮೇಲೆ ನೋಡುತ್ತಾ ನಿಂತಿರುತ್ತಾರೆ. ಮೈಲುತುತ್ತದ ನೀಲಿ ಹನಿ ಕಣ್ಣಿಗೆ ಬಿದ್ದರೆ ಯಾರು ಹೊಣೆ? ಹಿಂದಿನ ಸಂಜೆಯೇ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇವೆ. ನನ್ನ ಹೋಮ್‌ಸ್ಟೇ ಅತಿಥಿಗಳಿಗೂ ಅದೇ ನಿಯಮ. ಬೆಂಗಳೂರಿಂದ ಬಂದವರೊಬ್ಬರು "ಸ್ವಲ್ಪ ಹೊತ್ತು ಔಷಧಿ ನಿಲ್ಲಿಸಿ, ದುಡ್ಡು ಕೊಡ್ತೀವಿ" ಅಂದಿದ್ದರು. ಕೊನೆಗೌಡ ಮೇಲಿಂದಲೇ "ಕೊಳೆಗೂ ದುಡ್ಡು ಕೊಟ್ಟು ನಿಲ್ಲಿಸ್ತೀರಾ ಸಾರ್?" ಅಂದ.

ನೀರಿನ ಕಾವಲಿಗೆ ಕಡಲಿನ ಗೆಳೆಯರು ನೆರವಾದರು. ಜೋರು ಮಳೆಗಾಲದಲ್ಲಿ ಕಡಲು ಹೊಸಬರಿಗೆ ಆಗುವಂಥದ್ದಲ್ಲ, ಅಲ್ಲಿ ಕೆಲಸ ತೀರಾ ಕಡಿಮೆ. ನಮಗೆ ಜನ ಜಾಸ್ತಿ ಅದೇ ತಿಂಗಳಲ್ಲಿ. ಇಬ್ಬರು ಬಂದು ನಮ್ಮ ಹುಡುಗರಿಗೆ ಹಗ್ಗ ಎಸೆಯುವುದು, ನೀರಿಗೆ ಹಾರದೆ ಎಳೆದು ತರುವುದು ಕಲಿಸಿದರು. ಜಲಪಾತದ ಬುಡದಲ್ಲಿ ನೀರು ಬರೀ ನೊರೆ, ಗಾಳಿ ತುಂಬಿರುತ್ತದೆ. ಈಜು ಬಲ್ಲವನೂ ಅಲ್ಲಿ ತೇಲುವುದು ಕಷ್ಟ. ನಮ್ಮ ಹುಡುಗರು ಅವರಿಗೆ ಹಳ್ಳ ಓದುವುದು ಕಲಿಸಿದರು. ನೀರಿನ ಬಣ್ಣ ಕೆಂಪಗಾಗಿ ತರಗೆಲೆ, ಕಡ್ಡಿ ತೇಲಿ ಬಂದರೆ ಮೇಲೆ ಎಲ್ಲೋ ಜೋರು ಮಳೆ ಆಗಿದೆ. ಇಲ್ಲಿ ಬಿಸಿಲಿದ್ದರೂ ಆಗಲೇ ಸೀಟಿ ಊದಿ ಎಲ್ಲರನ್ನೂ ಹತ್ತಿಸಬೇಕು. ಸೀಟಿ ಊದುವ ತೀರ್ಮಾನ ಹುಡುಗನದ್ದೇ. ಯಾವ ಯಜಮಾನರನ್ನೂ ಕೇಳಬೇಕಾಗಿಲ್ಲ ಅಂತ ಸಮಿತಿಯ ಪುಸ್ತಕದಲ್ಲೇ ಬರೆಸಿದೆವು.

ಒಂದು ರೆಸಾರ್ಟಿನವರು ಬಂದಿದ್ದರು. ತಮ್ಮ ಖರ್ಚಿನಲ್ಲಿ ಕಬ್ಬಿಣದ ಸೇತುವೆ, ಕಮಾನು, ಶೌಚಾಲಯ ಕಟ್ಟಿಸುತ್ತೇವೆ, ಬೆಳಗ್ಗೆ ಹತ್ತು ಗಂಟೆ ತನಕ ನಮ್ಮ ಅತಿಥಿಗಳಿಗೆ ಮಾತ್ರ ಬಿಡಿ ಅಂತ. ಊರಲ್ಲಿ ಅರ್ಧ ಜನಕ್ಕೆ ಆಸೆ ಆಯಿತು, ತಪ್ಪಿಲ್ಲ. ಸೇತುವೆ ಕಟ್ಟಿದವರದ್ದೇ ಸಂಕ ಆಗುತ್ತದೆ ಅನ್ನುವುದನ್ನು ನಾನು ಹೇಳುವ ಮೊದಲೇ ಆಚೆ ದಡದವರು ಹೇಳಿದರು. ಶೌಚಾಲಯ ಕಟ್ಟಿಸಿ, ಹೆಸರು ಬೇಕಾದರೆ ಹಾಕಿ, ಹೊತ್ತು ಮಾತ್ರ ಕೊಡಲ್ಲ ಅಂತ ಉತ್ತರ ಹೋಯಿತು. ಅವರು ಮತ್ತೆ ಬರಲಿಲ್ಲ. ಶೌಚಾಲಯವನ್ನು ಆಮೇಲೆ ಪಂಚಾಯಿತಿಯಿಂದ ಮಾಡಿಸಿಕೊಂಡೆವು. ನೀರಿನ ಪೈಪು ಮಾತ್ರ ಇನ್ನೂ ಸರಿ ಕೂತಿಲ್ಲ.

ಸದ್ಯ ಊರಲ್ಲಿ ನಡೆಯುತ್ತಿರುವ ಮಾತು ಕಾಂಕ್ರೀಟ್ ರಸ್ತೆಯದ್ದು. ಕಣದಿಂದ ಹಳ್ಳ ದಾಟುವ ರಸ್ತೆ ಮಾಡಿದರೆ ಆಚೆ ದಡದ ಮನೆಗಳಿಗೆ ಆಂಬುಲೆನ್ಸ್ ಬರುತ್ತದೆ. ಹೆರಿಗೆಗೆ, ಹಾವು ಕಡಿದದ್ದಕ್ಕೆ ಕಂಬಳಿಯಲ್ಲಿ ಹೊತ್ತು ತಂದವರಿಗೆ ರಸ್ತೆ ಬೇಡ ಅನ್ನಲು ನನಗೆ ಬಾಯಿಲ್ಲ. ಆದರೆ ಅದೇ ರಸ್ತೆಯಲ್ಲಿ ಗಾಡಿಗಳು ಕಣ ಬಿಟ್ಟು ನೀರಿನ ಬುಡಕ್ಕೇ ಹೋಗುತ್ತವೆ. ಆಗ ಉಣುಗೋಲೂ ಇಲ್ಲ, ಸಂಕದ ಪಾಲೂ ಇಲ್ಲ, ಅಕ್ಕನ ರಸೀದಿ ಪುಸ್ತಕಕ್ಕೂ ಕೆಲಸ ಇಲ್ಲ. ಕೊನೆಯ ಮನೆಯ ತನಕ ರಸ್ತೆ, ಅಲ್ಲಿಂದ ಮುಂದೆ ಕಾಲುದಾರಿ, ಉಣುಗೋಲಿನ ಕೀಲಿ ಆಚೆ ದಡದವರ ಹತ್ತಿರ ಅಂತ ನಾನೊಂದು ಅರ್ಜಿ ಬರೆದಿದ್ದೇನೆ. ಕಣದ ಯಜಮಾನರು ಇನ್ನೂ ಸಹಿ ಹಾಕಿಲ್ಲ. ಹಾಗಾದರೆ ಗಾಡಿ ನಿಲ್ಲೋದು ಅವರ ಕಣದಲ್ಲಲ್ಲ, ಆಚೆ ದಡದಲ್ಲಿ. ಬಾಡಿಗೆ ಲೆಕ್ಕ ಮೊದಲಿಂದ ಮಾತಾಡಬೇಕು, ಮುಂದಿನ ಸೋಮವಾರ ಡೈರಿ ಹತ್ತಿರ.