ಅಡುಗೆಮನೆ ಹೊಸದಾಗಬೇಕೇ? ಮೊದಲು ಗೋಡೆ ಮೇಲೆ ಗೀಚಿ

ಎಂಬತ್ತು, ತೊಂಬತ್ತರ ದಶಕದ ಮನೆಗಳ ಅಡುಗೆಮನೆ ಬಹುಪಾಲು ಒಂದೇ ಥರ: ಕಡಪ ಕಲ್ಲಿನ ಕಟ್ಟೆ, ಕೆಳಗೆ ಬಾಗಿಲಿಲ್ಲದ ಗೂಡು, ತಲೆ ಮೇಲೆ ಅಟ್ಟ, ಮಿಕ್ಸಿಗೊಂದು ಪ್ಲಗ್ ಪಾಯಿಂಟು. ಇದನ್ನು ಮಾಡ್ಯುಲರ್ ಮಾಡಿಸಲು, ಅಂದರೆ ಕಪಾಟಿನ ಬಾಕ್ಸು, ಡ್ರಾಯರ್ ಜೋಡಿಸಿ ಕೂರಿಸಲು ಹೊರಟವರು ಸೀದಾ ಶೋರೂಮಿಗೆ ಹೋಗಿ ಶಟರಿನ (ಕಪಾಟಿನ ಬಾಗಿಲಿನ) ಬಣ್ಣ ಆರಿಸುತ್ತಾರೆ. ಓವನ್ನಿಗೆ ಪ್ಲಗ್ ಎಲ್ಲಿ ಎಂಬ ಪ್ರಶ್ನೆ ಏಳುವುದು ಟೈಲ್ಸ್ ಅಂಟಿಸಿದ ಮೇಲೆ. ಆಗ ಹೊಸ ಟೈಲ್ಸ್ ಮೇಲೇ ಬಿಳಿ ಪಿವಿಸಿ ಪಟ್ಟಿಯಲ್ಲಿ ವೈರು ಎಳೆಯುತ್ತಾರೆ. ಆರು ತಿಂಗಳಲ್ಲಿ ಪಟ್ಟಿಯ ತುಂಬ ಎಣ್ಣೆ ಜಿಡ್ಡು. ಇಂಥವನ್ನು ಸಾಕಷ್ಟು ನೋಡಿಯಾಗಿದೆ, ಅದಕ್ಕೇ ಈ ಲೇಖನ.

1. ಪಾತ್ರೆ ಅಳೆಯಿರಿ

ಡಿಸೈನರ್ ಬರುವ ಮೊದಲೇ ಇಡ್ಲಿ ಪಾತ್ರೆ, ದೊಡ್ಡ ಕುಕ್ಕರ್, ಅಕ್ಕಿ ಡಬ್ಬಗಳ ಎತ್ತರ ಬರೆದಿಡಿ. ರೆಡಿಮೇಡ್ ಡ್ರಾಯರ್‌ಗಳು ತಟ್ಟೆ, ಬಟ್ಟಲಿಗೆ ಸರಿ; ಇಡ್ಲಿ ಪಾತ್ರೆ ಇಟ್ಟರೆ ಮುಚ್ಚಳ ತಾಗಿ ಡ್ರಾಯರ್ ಮುಚ್ಚುವುದೇ ಇಲ್ಲ. ಹೇಳಿ ಮಾಡಿಸುವುದರ ಲಾಭವೇ ಇದು, ಬಿಡಬೇಡಿ. ಗ್ರೈಂಡರ್ ಮಾತ್ರ ಕಟ್ಟೆ ಮೇಲೇ ಇರಲಿ. ಕಪಾಟಿನೊಳಗೆ ಹೋದ ಗ್ರೈಂಡರ್ ಮತ್ತೆ ಹೊರಗೆ ಬರುವುದಿಲ್ಲ, ಮನೆಗೆ ದೋಸೆ ಹಿಟ್ಟಿನ ಪ್ಯಾಕೆಟ್ ಬರಲು ಶುರುವಾಗುತ್ತದೆ.

2. ಕಟ್ಟೆಯ ಎತ್ತರ

ದಿನಾ ಅಡುಗೆ ಮಾಡುವವರು ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈವರೆಗೆ ಅಳೆದು ನಾಲ್ಕು ಇಂಚು ಕಳೆಯಿರಿ. ಐದಡಿ ಎತ್ತರದವರಿಗೆ ಇದು 33–34 ಇಂಚು ಬರುತ್ತದೆ. 36 ಇಂಚೇ ಸ್ಟ್ಯಾಂಡರ್ಡ್ ಎಂದು ಯಾರಾದರೂ ಹೇಳಿದರೆ ಅದು ಅಮೆರಿಕದ ಅಳತೆ ಎಂದು ತಿಳಿಯಿರಿ. ಹಳೇ ಮೊಸಾಯಿಕ್ ಮೇಲೆ ಹೊಸ ಟೈಲ್ಸ್ ಹಾಕುವುದಾದರೆ ನೆಲವೇ ಒಂದಿಂಚಿನಷ್ಟು ಮೇಲೇರುತ್ತದೆ. ಆ ಲೆಕ್ಕ ಹಿಡಿಯದಿದ್ದರೆ ಸೊಂಟ ಬಗ್ಗಿಸಿಯೇ ತರಕಾರಿ ಹೆಚ್ಚಬೇಕು.

3. ಒಡೆಸಿ

ಹಳೇ ಕಟ್ಟೆ ಒಡೆಯುವುದನ್ನು ಮೇಸ್ತ್ರಿಗೆ ಬಿಡಿ. ಅಟ್ಟ ಗಟ್ಟಿಯಿದ್ದರೆ ಉಳಿಸಿಕೊಳ್ಳಿ.

4. ಗೋಡೆ ಮೇಲೆ ಗುರುತು

ಎಡವುವುದೆಲ್ಲ ಇಲ್ಲೇ. ಕಂಪ್ಯೂಟರಿನ ತ್ರೀಡಿ ಚಿತ್ರ ನೋಡಿ ತಲೆಯಾಡಿಸಬೇಡಿ. ಬರಿ ಗೋಡೆ ಮೇಲೆ ಸೀಮೆಸುಣ್ಣದಿಂದ ಕಟ್ಟೆಯ ಗೆರೆ, ಸಿಂಕು, ಒಲೆ, ಫ್ರಿಜ್ಜು, ಚಿಮಣಿ ಎಲ್ಲವನ್ನೂ ಪೂರ್ತಿ ಅಳತೆಯಲ್ಲಿ ಬರೆಯಿಸಿ. ಬಳಿಕ ಗಾಳಿಯಲ್ಲೇ ಒಮ್ಮೆ ಸಾರು ಮಾಡಿ: ಫ್ರಿಜ್ಜಿನಿಂದ ತರಕಾರಿ ತೆಗೆಯಿರಿ, ಸಿಂಕಿನಲ್ಲಿ ತೊಳೆಯಿರಿ, ಹೆಚ್ಚಿ, ಒಗ್ಗರಣೆ ಹಾಕಿ. ಫ್ರಿಜ್ಜಿನ ಬಾಗಿಲು ಡ್ರಾಯರಿಗೆ ಬಡಿಯುವುದು, ಕಿಟಕಿಯ ರೆಕ್ಕೆ ನಲ್ಲಿಗೆ ತಾಗುವುದು ಆಗಲೇ ಗೊತ್ತಾಗುತ್ತದೆ.

ಅದಾದ ಮೇಲೆ ಎಲೆಕ್ಟ್ರಿಶಿಯನ್ನನ್ನು ಕರೆಸಿ. ಮಿಕ್ಸಿ, ಗ್ರೈಂಡರ್ ಪ್ಲಗ್‌ಗಳು ಕಟ್ಟೆಯಿಂದ ಎಂಟ್ಹತ್ತು ಇಂಚು ಮೇಲಿರಲಿ, ಸಿಂಕಿನಿಂದ ಎರಡಡಿ ದೂರವಿರಲಿ, ಒಲೆಯ ಹಿಂದೆ ಬೇಡ. ಓವನ್, ಇಂಡಕ್ಷನ್, ಡಿಶ್‌ವಾಷರ್‌ಗೆ 16 ಆಂಪಿಯರ್ ಪಾಯಿಂಟು, ಒಂದೊಂದಕ್ಕೂ ಬೇರೆ ಬೇರೆ ಲೈನು. ಹಳೇ ವೈರಿಗೇ ಹೊಸ ಸಾಕೆಟ್ ಸಿಕ್ಕಿಸುವವರಿದ್ದಾರೆ, ಪಕ್ಕದಲ್ಲೇ ನಿಂತು ನೋಡಿ. ಡಿಶ್‌ವಾಷರಿನ ಪ್ಲಗ್ ಅದರ ಬೆನ್ನ ಹಿಂದೆ ಬಂದರೆ ರಿಪೇರಿಯವನು ಬಂದಾಗಲೆಲ್ಲ ಇಡೀ ಮೆಷಿನ್ ಎಳೆಯಬೇಕು. ಪಕ್ಕದ ಕಪಾಟಿನೊಳಗೆ ಕೊಡಿಸಿ. ಚಿಮಣಿಯ ಕೊಳವೆಗೆ ಆರಿಂಚಿನ ತೂತು ಈಗಲೇ ಕೊರೆಸಿ. ಕೊಳವೆಗೆ ತಿರುವು ಹೆಚ್ಚಾದಷ್ಟೂ ಎಳೆತ ಕಡಿಮೆ. ಕೊಳವೆಯಿಲ್ಲದ ಚಿಮಣಿಯನ್ನಂತೂ ನಮ್ಮ ಒಗ್ಗರಣೆಯ ಮನೆಗಳಿಗೆ ನಾನು ಹೇಳುವುದೇ ಇಲ್ಲ.

ನೀರಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೇ ತುಕ್ಕು ಹಿಡಿದಿರುತ್ತದೆ, ಬದಲಿಸಿಬಿಡಿ. ವಾಟರ್ ಫಿಲ್ಟರಿಗೂ ಡಿಶ್‌ವಾಷರಿಗೂ ಒಂದೊಂದು ವಾಲ್ವ್ ಬಿಡಿಸಿ. ಗಾರೆ ಮೆತ್ತುವ ಮೊದಲು ಲೈನಿಗೆ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲ್ಲೂ ಸೋರಿಲ್ಲವೆಂದು ನೋಡಿಕೊಂಡು, ಗೋಡೆಗೆ ಟೇಪು ಹಿಡಿದು ಅಂಕಿ ಕಾಣುವಂತೆ ಎಲ್ಲ ಪೈಪು, ವೈರುಗಳ ಫೋಟೊ ತೆಗೆದಿಡಿ. ಮುಂದೆ ಕಾರ್ಪೆಂಟರ್ ಡ್ರಿಲ್ ಹಿಡಿದಾಗ ಅವನಿಗೆ ತೋರಿಸಬೇಕಾದದ್ದು ಇದನ್ನೇ.

5. ಗಾರೆ, ಗ್ರಾನೈಟ್, ಟೈಲ್ಸ್

ಇದೇ ಕ್ರಮದಲ್ಲಿ. ಗ್ರಾನೈಟಿನ ಮುಂದಿನ ಅಂಚಿನಡಿ ಸಣ್ಣ ಗಾಡಿ (ಉದ್ದನೆಯ ಗೀರು) ಹೊಡೆಸಿ, ಕಟ್ಟೆ ಮೇಲಿನ ನೀರು ಶಟರಿಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಮಾರ್ಬಲ್ ಬೇಡ, ಹುಣಸೆಹುಳಿ ಬಿದ್ದರೆ ಕಲೆ ಖಾಯಂ.

6. ಬಾಕ್ಸಿನ ಅಳತೆ

ಟೈಲ್ಸ್ ಮುಗಿಯುವವರೆಗೆ ಕಪಾಟಿನ ಬಾಕ್ಸಿಗೆ ಅಳತೆ ಕೊಡಬೇಡಿ. ಗಾರೆ, ಟೈಲ್ಸ್ ಸೇರಿ ಪ್ರತಿ ಗೋಡೆ ದಪ್ಪಗಾಗಿರುತ್ತದೆ. ಹಳೇ ಮನೆಯ ಮೂಲೆ ಮಟ್ಟವಾಗಿರುವುದೂ ಅಪರೂಪ. ಮೂಲೆಯಿಂದ ಒಂದು ಗೋಡೆಗುಂಟ ಮೂರಡಿ, ಇನ್ನೊಂದರಗುಂಟ ನಾಲ್ಕಡಿ ಗುರುತು ಹಾಕಿ, ನಡುವಿನ ಅಂತರ ಅಳೆಯಿರಿ. ಸರಿಯಾಗಿ ಐದಡಿ ಬಂದರೆ ಮೂಲೆ ನೇರ. ಬಾರದಿದ್ದರೆ ಮೂಲೆಯ ಬಾಕ್ಸಿಗೆ ಒಂದೆರಡು ಇಂಚಿನ ಪಟ್ಟಿ ಸೇರಿಸಲು ಮೊದಲೇ ಹೇಳಿ. ಇಲ್ಲವಾದರೆ ಎರಡು ಡ್ರಾಯರುಗಳ ಹಿಡಿಕೆ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ.

ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ. ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಒಣಗಿದರೂ ಮೊದಲಿನಂತಾಗದು. ಐಎಸ್ 710 (ಭಾರತೀಯ ಮಾನದಂಡದ ಸಂಖ್ಯೆ) ಮುದ್ರೆಯ ಮೆರೈನ್ ಪ್ಲೈವುಡ್ ತರಿಸಿ. ಈ ದರ್ಜೆಗೆ 72 ಗಂಟೆ ಕುದಿಸುವ ಪರೀಕ್ಷೆಯಿದೆ. ‘ವಾಟರ್‌ಪ್ರೂಫ್’ ಎಂಬ ಬರಿ ಸ್ಟಿಕರ್ ನಂಬಬೇಡಿ. ಅಂಗಡಿಯಿಂದ ತುಂಡೊಂದು ತಂದು ಹಳೇ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ, ಪದರ ಬಿಟ್ಟರೆ ವಾಪಸು ಕಳಿಸಿ.

7. ಸಿಲಿಂಡರ್

ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಕಪಾಟಿನ ಶಟರಿಗೆ ತಳಭಾಗದಲ್ಲಿ ಜಾಲರಿ ಇರಲೇಬೇಕು, ಅದರೊಳಗೆ ಪ್ಲಗ್ ಪಾಯಿಂಟು ಇರಕೂಡದು. ಅಂದ ಕೆಡುತ್ತದೆ ಎಂದು ಡಿಸೈನರ್ ಮುಖ ಸಿಂಡರಿಸಬಹುದು. ಜಾಲರಿ ಕೂತ ಮೇಲೆಯೇ ಕೊನೆಯ ಕಂತಿನ ಹಣ ಕೊಡಿ.