ಅಕ್ಕನ ಮಗ ಡಿಗ್ರಿಗೆ ಸೇರಿದಾಗ ನಾನು ಮಾಡಿದ್ದು

ಮೈಸೂರಿನ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ನಾನು ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ. ಅಡ್ಮಿಷನ್ ಸಮಯದಲ್ಲಿ ಮಕ್ಕಳ ಜೊತೆ ಬರುವ ದೊಡ್ಡವರು ದಾರಿಯುದ್ದಕ್ಕೂ ಬುದ್ಧಿವಾದ ಹೇಳಿಕೊಂಡೇ ಬಂದಿರುತ್ತಾರೆ, ಕಾಗದಪತ್ರ ಮಾತ್ರ ಅರ್ಧಂಬರ್ಧ ತಂದಿರುತ್ತಾರೆ. ಅರಸೀಕೆರೆ ಕಡೆಯ ನಮ್ಮ ಅಕ್ಕನ ಮಗ ಇಲ್ಲಿಗೆ ಬಿ.ಎಸ್ಸಿ.ಗೆ ಬರುತ್ತಾನೆ ಅಂತಾದಾಗ ಅಕ್ಕ, "ಸಹವಾಸ ಗಿಹವಾಸದ ಬಗ್ಗೆ ಸ್ವಲ್ಪ ಹೇಳೇ, ನಿನ್ನ ಮಾತಾದ್ರೆ ಕೇಳ್ತಾನೆ" ಅಂದಳು. ನಾನು ಹುಡುಗನಿಗೆ ಹೇಳಿದ್ದು ಬೇರೆ: "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್ ಎರಡೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ಕಳಿಸೋ."

ಅಂದುಕೊಂಡ ಹಾಗೇ ಇತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ನೋಡುವವರಿಗೆ ಇದೇನು ದೊಡ್ಡ ವಿಷಯ ಅನ್ನಿಸುತ್ತದೆ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಕೂತಾಗ ಗೊತ್ತಾಗುತ್ತದೆ. ಇಂಥ ಕಡೆ ತಿದ್ದಬೇಕಾದ್ದು ಆಧಾರನ್ನೇ. ಮುಂದೆ ಡಿಗ್ರಿ ಸರ್ಟಿಫಿಕೇಟಿನವರೆಗೂ ಎಲ್ಲರೂ ಕೇಳುವುದು ಎಸ್ಸೆಸ್ಸೆಲ್ಸಿಯಲ್ಲಿರುವ ಹೆಸರು, ಅದನ್ನು ಬದಲಿಸಲು ಹೋದರೆ ಕಚೇರಿ ಅಲೆದು ಚಪ್ಪಲಿ ಸವೆಯುತ್ತದೆ. ಆದರೆ ಆಧಾರ್‌ನಲ್ಲೂ ಹೆಸರು ತಿದ್ದಲು ಜೀವಮಾನಕ್ಕೆ 2 ಸಲ ಮಾತ್ರ ಅವಕಾಶ. ಹಾಗಾಗಿ ರಸೀದಿ ಕೈಗೆ ಬರುವ ಮುಂಚೆ ಪರದೆ ಮೇಲಿನ ಅಕ್ಷರ ಅಕ್ಷರ ಓದಿ ನೋಡು ಅಂತ ಹೇಳಿ ಕಳಿಸಿದೆ.

ಆಮೇಲೆ ಜಾತಿ-ಆದಾಯ ಪ್ರಮಾಣಪತ್ರ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಬೀರುವಿನಲ್ಲಿ ಭದ್ರವಾಗಿತ್ತು, ಆದರೆ ಅದರ 5 ವರ್ಷದ ಅವಧಿ ಮುಗಿಯುತ್ತಾ ಬಂದಿತ್ತು. ಸ್ಕಾಲರ್‌ಶಿಪ್ಪಿನವರಿಗೆ ಬೇಕಾದ್ದು ಅದರ ಮೇಲಿನ ಆರ್‌ಡಿ ನಂಬರು; ಅವಧಿ ಮುಗಿದ ನಂಬರು ಹಾಕಿ ಏನು ಪ್ರಯೋಜನ? ಪಿಯುಸಿ ರಿಸಲ್ಟ್‌ಗೆ ಕಾಯುವ ದಿನಗಳಲ್ಲೇ ನಾಡಕಚೇರಿಗೆ ಕಳಿಸಿದೆ. ಅಡ್ಮಿಷನ್ ಶುರುವಾದ ಮೇಲೆ ಊರಿಗೆ ಊರೇ ಅಲ್ಲಿ ನಿಂತಿರುತ್ತದೆ.

ಬ್ಯಾಂಕಿನದು ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವ ಕೆಲಸ. ಸರ್ಕಾರದ ದುಡ್ಡು ನಾವು ಬರೆದುಕೊಟ್ಟ ಅಕೌಂಟ್ ನಂಬರಿಗೆ ಬರುವುದಿಲ್ಲ, ಆಧಾರ್ ಯಾವ ಖಾತೆಗೆ ಸೀಡಿಂಗ್ ಆಗಿದೆಯೋ, ಅಂದರೆ ಸರ್ಕಾರದ ದುಡ್ಡು ಬರಲು ಜೋಡಣೆಯಾಗಿದೆಯೋ, ಅಲ್ಲಿಗೆ ಹೋಗುತ್ತದೆ. ಎರಡು ಖಾತೆ ಇದ್ದರೆ ಕಡೆಗೆ ಸೀಡಿಂಗ್ ಆದದ್ದಕ್ಕೆ. "ದುಡ್ಡು ಬಂದಿಲ್ಲ ಮೇಡಂ" ಅಂತ ಕಿಟಕಿಗೆ ಬರುವ ಎಷ್ಟೋ ಮಕ್ಕಳ ದುಡ್ಡು ಅವರೇ ಮರೆತ ಯಾವುದೋ ಖಾತೆಯಲ್ಲಿ ಕೂತಿರುತ್ತದೆ. ಲಿಂಕ್ ಆಗಿದೆಯಾ ಅಂತ ಕೇಳಿದರೆ ಬ್ಯಾಂಕಿನವರು ಹೂಂ ಅಂತಾರೆ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐಯಲ್ಲಿ ಸೀಡಿಂಗ್ ಆಗಿದೆಯಾ ಅಂತಲೇ ಕೇಳಬೇಕು; ಎರಡೂ ಒಂದೇ ಅಲ್ಲ.

ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದ, ಸೀಟು ಸಿಗಲಿಲ್ಲ. ಸಿಗದವರಿಗೆ ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ಇದೆ: ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಇತ್ತು. ಈ ಊರಲ್ಲಿ ಊಟ, ರೂಮಿಗೆ ಅದು ಯಾವ ಮೂಲೆಗೂ ಸಾಲದು, ಅದೂ ತಿಂಗಳು ತಿಂಗಳು ಕೈಗೆ ಬರುವ ದುಡ್ಡಲ್ಲ. ಅದನ್ನು ನಂಬಿ ಮೆಸ್ಸಿನವರಿಗೆ ಮಾತು ಕೊಡಬೇಡ ಅಂದೆ. ನಮ್ಮ ಮನೆಯಲ್ಲೇ ಇರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಕ್ಕನೂ ಕೇಳಿದಳು. ಇಬ್ಬರು ಗೆಳೆಯರ ಜೊತೆ ಸರಸ್ವತಿಪುರಂನಲ್ಲಿ ರೂಮು ಮಾಡಿಸಿದೆ. ಭಾನುವಾರ ಊಟಕ್ಕೆ ಬರುತ್ತಾನೆ, ಬಟ್ಟೆ ಒಗೆಯಲು ನಮ್ಮ ವಾಷಿಂಗ್ ಮಷೀನಿಗೇ ಹಾಕುತ್ತಾನೆ, ಅಷ್ಟು ಸಾಕು.

ಅವನು ಸೇರಿದ ಕಾಲೇಜಿನ ಆಫೀಸಿನಲ್ಲಿ ನನಗೆ ಪರಿಚಯದವರಿದ್ದಾರೆ. ಒಂದು ಫೋನ್ ಮಾಡಿದ್ದರೆ ಸ್ಟಡಿ ಸರ್ಟಿಫಿಕೇಟ್ ಕೂತಲ್ಲಿಗೆ ಬರುತ್ತಿತ್ತು. ಮಾಡಲಿಲ್ಲ. ಫೋಟೊ ಇಲ್ಲ, ಫೀಸ್ ರಸೀದಿ ಇಲ್ಲ ಅಂತ ವಾಪಸ್ ಕಳಿಸಿದರು. "ಚಿಕ್ಕಮ್ಮ, ನೀವೇ ಒಂದು ಮಾತು ಹೇಳಿದ್ರೆ ಆಗ್ತಿತ್ತು" ಅಂತ ಮುಖ ದಪ್ಪ ಮಾಡಿಕೊಂಡು ಬಂದ. ಮುಂದಿನ ಸಲ ಹೋದಾಗ "ಏನೇನು ಬೇಕು ಸರ್, ಒಂದೇ ಸಲ ಬರೆದುಕೊಡಿ" ಅಂತ ಕಿಟಕಿಯಲ್ಲೇ ಕೇಳಿದನಂತೆ.

ಓದಿನ ಬಗ್ಗೆ ನಾನು ಹೆಚ್ಚು ಬಾಯಿ ಹಾಕಲಿಲ್ಲ. ಕನ್ನಡ ಮಾಧ್ಯಮದ ಹುಡುಗ, ಪಾಠ ಇಂಗ್ಲಿಷಿನಲ್ಲಿ, ಶುರುವಿನಲ್ಲಿ ಒದ್ದಾಡಿದ. ಲೈಬ್ರರಿಯಲ್ಲಿ ಹಳೇ ಪ್ರಶ್ನೆಪತ್ರಿಕೆ ಕೇಳಿ ಜೆರಾಕ್ಸ್ ಮಾಡಿಸು, ಲ್ಯಾಬ್ ರೆಕಾರ್ಡನ್ನು ಅದೇ ವಾರ ಬರೆದು ಮುಗಿಸು, ಹಾಜರಿ ಶೇ. 75ಕ್ಕಿಂತ ಕೆಳಗೆ ಇಳಿಯಬಾರದು, ಇಷ್ಟೇ ಹೇಳಿದ್ದು. ಹಾಜರಿ ಕಮ್ಮಿಯಾಗಿ ಪರೀಕ್ಷೆ ಹೊತ್ತಿಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಬಂದು ಅಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ದಡ್ಡರು ಕಮ್ಮಿ.

ಈಗ ಎರಡನೇ ವರ್ಷದ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕು. ಹೋದ ವರ್ಷ ಸೈಬರ್ ಅಂಗಡಿಯಲ್ಲಿ ತುಂಬಿಸುವಾಗ ಅಂಗಡಿಯವನು ಬೇಗ ಆಗಲಿ ಅಂತ ತನ್ನ ಮೊಬೈಲ್ ನಂಬರನ್ನೇ ಹಾಕಲು ಹೊರಟಿದ್ದ. ಹಾಗಾದರೆ ಪಾಸ್‌ವರ್ಡ್ ಮರೆತಾಗ ಒಟಿಪಿ ಹೋಗುವುದು ಅವನ ಫೋನಿಗೆ. ಹುಡುಗ ತಡೆದು ತನ್ನ ನಂಬರು ಹಾಕಿಸಿದ್ದ, ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಮತ್ತು ಅಡ್ಮಿಷನ್, ಪರೀಕ್ಷೆಯ ಯುಯುಸಿಎಂಎಸ್ ಎರಡೂ ವೆಬ್‌ಸೈಟಿನ ಐಡಿ, ಪಾಸ್‌ವರ್ಡನ್ನೂ ಕೆಮಿಸ್ಟ್ರಿ ನೋಟ್ಸಿನ ಕಡೇ ಪುಟದಲ್ಲಿ ಬರೆದಿಟ್ಟಿದ್ದಾನೆ. ಆ ಸಿಮ್ಮಿಗೆ ಮಾತ್ರ ರೀಚಾರ್ಜ್ ಮಾಡಿಸುತ್ತಿರು, ನಂಬರು ಬಂದ್ ಆಗಲು ಬಿಡಬೇಡ ಅಂದಿದ್ದೇನೆ.